ಚಾರ್ಜರ್ ಹಚ್ಚಿದರೆ ಗುಂಯ್ ಅನ್ನುವುದೇಕೆ?

ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತವರು ಮಗುವಿನ ಜವಳ ತೆಗೆಸಲು ದೂರದ ಊರುಗಳಿಂದ ಬರುತ್ತಾರೆ. ಭೀಮಾ ನದಿಯಲ್ಲಿ ಮಿಂದು, ದರ್ಶನ ಮಾಡಿ, ಊಟ ಮುಗಿಸಿದರೆ ಮೊದಲೆಲ್ಲ ಗಾಡಿ ಹತ್ತಿ ಹೊರಡುವುದೇ. ಈಗ ಕೆಲವು ಮನೆಯವರು ರಾತ್ರಿಯವರೆಗೂ ನಿಲ್ಲುತ್ತಾರೆ. ಶಾಮಿಯಾನದ ಕೆಳಗೆ ಎರಡು ಸ್ಪೀಕರ್ ಬಾಕ್ಸು, ಒಂದು ಮಿಕ್ಸರು, ಒಂದು ಲ್ಯಾಪ್‌ಟಾಪು ಇಟ್ಟರೆ ಕರೋಕೆ ಶುರು. ಮಗುವಿನ ಸೋದರಮಾವ, ಚಿಕ್ಕವ್ವ, ಪಕ್ಕದ ಮನೆಯ ಮಾಸ್ತರು, ಎಲ್ಲರೂ ಅಂದು ಗಾಯಕರೇ.

ಅಂಥದೊಂದು ಸಂಜೆ ನಾನೂ ಅಲ್ಲಿದ್ದೆ. ಆಂಪ್ಲಿಫೈಯರ್ ರಿಪೇರಿ ಮಾಡಿಯೇ ತಲೆಗೂದಲು ಹಣ್ಣಾದವನೆಂದು ಯಾರೋ ಹೇಳಿದ್ದರು ಅಂತ ಕಾಣುತ್ತದೆ, ಮೈಕ್ ಸೆಟ್ಟಿನ ಹುಡುಗ ನನ್ನನ್ನು ಹುಡುಕಿಕೊಂಡು ಬಂದ.

‘ಕಾಕಾ, ಬ್ಯಾಟರಿ 11 ಪರ್ಸೆಂಟ್ ಉಳದದ. ಚಾರ್ಜರ್ ಹಚ್ಚಿದ್ರ ಗುಂಯ್ ಅಂತದ, ತಗದ್ರ ಗಪ್ಪಾಗ್ತದ. ಲೈಟಿಗಿ ಅದೇ ಕರೆಂಟ್, ಫ್ಯಾನಿಗಿ ಅದೇ ಕರೆಂಟ್. ಅವೇನೂ ಅನ್ನಂಗಿಲ್ಲ. ಇದಕ್ಕಷ್ಟೇ ಯಾಕ?’

ಅವನ ಕೈಯಲ್ಲಿ ಪಕ್ಕಡ ಇತ್ತು. ಕಣ್ಣು ಚಾರ್ಜರಿನ ದಪ್ಪ ಪಿನ್ನಿನ ಮೇಲಿತ್ತು. ‘ಈ ದೊಡ್ಡ ಪಿನ್ ಮುರದ್ರ ಸರಿಹೋಗ್ತದಂತ ಹೇಳ್ತಾರ...’

‘ತಮ್ಮಾ, ಮೊದಲ ಆ ಪಕ್ಕಡ ಕೆಳಗಿಡು,’ ಅಂದೆ.

ಮೈಕ್ ಹಿಡಿದು ಬದುಕುವವರಿಗೆಲ್ಲ ಅರ್ಧ ಗೊತ್ತಿರುವ ಒಗಟು ಇದು. ಚಾರ್ಜರ್ ಕಿತ್ತರೆ ಗುಂಯ್ ನಿಲ್ಲುತ್ತದೆ ಎಂಬ ಅರ್ಧ ಅವರಿಗೆ ಗೊತ್ತು. ಯಾಕೆ ನಿಲ್ಲುತ್ತದೆ ಎಂಬ ಇನ್ನರ್ಧ ಗೊತ್ತಿಲ್ಲದ್ದರಿಂದಲೇ ಪಿನ್ನು ಮುರಿಯುತ್ತಾರೆ. ಆ ಇನ್ನರ್ಧ ತಿಳಿದರೆ ಹಾಡೂ ಉಳಿಯುತ್ತದೆ, ಹಾಡುವವರೂ ಉಳಿಯುತ್ತಾರೆ.

ಖಾಲಿ ಮೇಳ

ಕರೋಕೆ ಜಪಾನಿ ಮಾತು. ‘ಕರಾ’ ಅಂದರೆ ಖಾಲಿ, ‘ಓಕೆ’ ಅನ್ನುವುದು ಆರ್ಕೆಸ್ಟ್ರಾ ಎಂಬುದರ ತುಂಡು. ಮೇಳವಿಲ್ಲದ ಮೇಳ. 1971ರಲ್ಲಿ ಕೋಬೆ ನಗರದ ದೈಸುಕೆ ಇನೌಯೆ ಎಂಬ ವಾದ್ಯಗಾರ, ತನ್ನ ಬದಲಿಗೆ ನುಡಿಸಲೆಂದು ಒಂದು ಪೆಟ್ಟಿಗೆ ಮಾಡಿದ. ಟೇಪು, ಆಂಪ್ಲಿಫೈಯರು, ಮೈಕು, ನಾಣ್ಯ ಹಾಕುವ ಕಿಂಡಿ ಎಲ್ಲ ಅದರಲ್ಲೇ. ಆತ ಪೇಟೆಂಟ್ ಮಾಡಿಸಲಿಲ್ಲ, ಜಗತ್ತೆಲ್ಲ ಅದನ್ನು ತನ್ನದಾಗಿಸಿಕೊಂಡಿತು. ಅದಕ್ಕೂ ಮೊದಲು, 1967ರಲ್ಲಿ, ಟೋಕಿಯೋದ ಶಿಗೆಇಚಿ ನೆಗಿಶಿ ಕೂಡ ಇಂಥದೇ ಪೆಟ್ಟಿಗೆ ಕಟ್ಟಿದ್ದ.

ಆ ಪೆಟ್ಟಿಗೆಯ ಒಂದು ಗುಣ ನಮಗೆ ಮುಖ್ಯ. ಎಲ್ಲ ಒಂದೇ ಗೂಡಿನಲ್ಲಿ ಇದ್ದುದರಿಂದ ಗೋಡೆಗೆ ಹೋಗುವ ಪ್ಲಗ್ಗು ಒಂದೇ ಸಾಕು. ನಮ್ಮ ಶಾಮಿಯಾನದಲ್ಲಿ ಹಾಗಲ್ಲ. ಆಂಪ್ಲಿಫೈಯರು ವೇದಿಕೆಯ ಹತ್ತಿರದ ಬೋರ್ಡಿಗೆ, ಮಿಕ್ಸರು ಅಲ್ಲಿಂದಲೇ ಎಳೆದ ಎಕ್ಸ್‌ಟೆನ್ಷನ್ನಿಗೆ, ಲ್ಯಾಪ್‌ಟಾಪು ಹಿಂದಿನ ಗೋಡೆಯ ಬೋರ್ಡಿಗೆ. ಹಿಂದೆ ರಸಮಂಜರಿಯಲ್ಲಿ ಕೀಬೋರ್ಡ್, ಗಿಟಾರು, ಪ್ಯಾಡು ಬೇರೆ ಬೇರೆ ತಂತಿಯಲ್ಲಿ ಬರುತ್ತಿದ್ದವು. ಒಂದು ಗೊರಗುಟ್ಟಿದರೆ ಅದೊಂದನ್ನೇ ತಗ್ಗಿಸಿದರಾಯಿತು. ಈಗ ಇಡೀ ಮೇಳ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಲ್ಲಿ ಸಿಕ್ಕಿಸಿದ ಒಂದೇ ಸಣ್ಣ ಪಿನ್ನಿನಿಂದ ಇಳಿದು ಬರುತ್ತದೆ. ಆ ದಾರಿ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಮೊದಲು ಕಿವಿಗೊಡಿ

ವೈದ್ಯರು ಕೆಮ್ಮು ಕೇಳಿಯೇ ಅರ್ಧ ರೋಗ ಹೇಳುವಂತೆ, ಸಪ್ಪಳ ಕೇಳಿಯೇ ಅದರ ಮೂಲ ಹೇಳಬಹುದು.

‘ಚಟ್, ಚಟ್’ ಎಂದು ಹಾಡು ಮುರಿದು ಮುರಿದು ಬಂದರೆ ಅದು ಕರೆಂಟಿನ ರೋಗವಲ್ಲ, ಕಂಪ್ಯೂಟರಿನದು. ಧ್ವನಿಯನ್ನು ಅದು ಸೆಕೆಂಡಿಗೆ 44,100 ಹನಿಗಳಾಗಿ ಇಟ್ಟುಕೊಂಡಿರುತ್ತದೆ. ಐನೂರು ಚಿಲ್ಲರೆ ಹನಿಗಳನ್ನು ಒಂದು ಕೊಡಕ್ಕೆ ತುಂಬಿ ಮುಂದಕ್ಕೆ ಕೊಡುತ್ತದೆ. ಒಂದು ಕೊಡ ಖಾಲಿಯಾಗಲು ಸೆಕೆಂಡಿನ ನೂರನೇ ಒಂದು ಪಾಲು ಸಾಕು. ಅಷ್ಟರಲ್ಲಿ ಮುಂದಿನ ಕೊಡ ಸಿದ್ಧವಿರಬೇಕು. ಹಿಂದೆ ಯಾವುದೋ ಅಪ್‌ಡೇಟ್ ನಡೆದಿದ್ದರೆ, ಅಥವಾ ನಮ್ಮ ಕಡೆಯ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಯಂತ್ರ ಬಿಸಿಯಾಗಿ ತನ್ನ ವೇಗ ತಾನೇ ತಗ್ಗಿಸಿಕೊಂಡಿದ್ದರೆ, ಕೊಡ ತಡವಾಗುತ್ತದೆ. ಆ ಖಾಲಿ ಗಳಿಗೆಯೇ ‘ಚಟ್’. ನೆಟ್ಟು ಬಂದ್ ಮಾಡಿ, ಹಾಡುಗಳನ್ನು ಮೊದಲೇ ಇಳಿಸಿಟ್ಟುಕೊಂಡು, ಲ್ಯಾಪ್‌ಟಾಪನ್ನು ಟವೆಲ್ಲಿನ ಮೇಲಿಡದೆ ಗಾಳಿಯಾಡುವ ಕಡೆ ಇಟ್ಟರೆ ಬಹುಪಾಲು ವಾಸಿ. ಈ ರೋಗದ ಮಾತು ಇಲ್ಲಿಗೆ ಸಾಕು.

‘ಗುಂಯ್’ ಬೇರೆ. ಅದು ಒಂದೇ ಸ್ವರದಲ್ಲಿ, ಉಸಿರು ಬಿಡದೆ ಬರುತ್ತದೆ. ಹಾರ್ಮೋನಿಯಂ ಬಲ್ಲವರು ಹತ್ತಿರ ಕೂತಿದ್ದರೆ ಕೇಳಿ ನೋಡಿ: ಅದು ಮಂದ್ರದ ಬಿಳಿ ಐದರ ಸಮೀಪ, ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಮೇಲೆ ನಿಂತಿರುತ್ತದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಆ 50, ಅದರ ಇಮ್ಮಡಿ 100, ಇವೇ ಕಿವಿಗೆ ಬೀಳುವ ಸ್ವರಗಳು. ಅಂದರೆ ಗುಂಯ್ ಎಂಬುದು ಬಾಕ್ಸಿನ ದೋಷವೂ ಅಲ್ಲ, ಲ್ಯಾಪ್‌ಟಾಪಿನ ದೋಷವೂ ಅಲ್ಲ. ಗೋಡೆಯ ಕರೆಂಟೇ ಹಾಡಿನ ದಾರಿಯೊಳಗೆ ನುಸುಳಿ ತಾನೂ ಹಾಡುತ್ತಿರುವುದು.

ಜನರೇಟರ್ ಮೇಲೆ ನಡೆವಾಗ ಇದನ್ನು ಇನ್ನೂ ಚೆನ್ನಾಗಿ ಕೇಳಬಹುದು. ದೊಡ್ಡ ಡೀಸೆಲ್ ಜನರೇಟರು ಸಾಮಾನ್ಯವಾಗಿ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸರಿಯಾಗಿ 50 ತೂಗಾಟ ಬರುತ್ತದೆ. ಹ್ಯಾಲೊಜನ್ ದೀಪಗಳೆಲ್ಲ ಒಮ್ಮೆಲೇ ಹೊತ್ತಿ ಎಂಜಿನ್ ದಣಿದು 1410ಕ್ಕೆ ಇಳಿದರೆ ತೂಗಾಟ 47, ಗುಂಯ್ ಅರ್ಧ ಸ್ವರದಷ್ಟು ಕೆಳಗೆ ಜಾರುತ್ತದೆ. ಆದರೆ ಹಾಡಿನ ಶ್ರುತಿ ಮಾತ್ರ ಜಾರುವುದಿಲ್ಲ. ಟೇಪ್‌ರೆಕಾರ್ಡರ್ ಕಾಲದಲ್ಲಿ ಸೆಲ್ಲು ಇಳಿದರೆ ಹಾಡೇ ಎಳೆದಾಡುತ್ತಿತ್ತು. ಲ್ಯಾಪ್‌ಟಾಪಿನೊಳಗೆ ತಾಳ ಹಾಕುವುದು ಒಂದು ಸ್ಫಟಿಕದ ಚೂರು, ಅದಕ್ಕೆ ಹೊರಗಿನ ಎಂಜಿನ್ನಿನ ಗೊಡವೆಯಿಲ್ಲ.

ಸೊನ್ನೆ ಎಲ್ಲಿದೆ?

ಈಗ ಒಗಟಿನ ನಡುಮನೆಗೆ ಬರೋಣ.

ತುಂಬಿದ ಹೊಳೆಯಲ್ಲಿ ತೆಪ್ಪದ ಮೇಲೆ ಒಬ್ಬ ನಿಂತಿದ್ದಾನೆ ಅನ್ನಿ. ಅವನು ಕೈಯೆತ್ತಿ, ಇಳಿಸಿ, ದಡದವನಿಗೆ ಸನ್ನೆ ಮಾಡುತ್ತಾನೆ. ದಡದಲ್ಲಿ ಕೂತವನು ಆ ಕೈ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಎಂದು ಅಳೆಯುತ್ತಾನೆ. ನೀರು ಸ್ತಬ್ಧವಾಗಿದ್ದರೆ ಲೆಕ್ಕ ಸರಿ. ಅಲೆ ಎದ್ದರೆ? ಕೈ ಅಲ್ಲಾಡದಿದ್ದರೂ ಮನುಷ್ಯನೇ ಮೇಲೆ ಕೆಳಗೆ ತೂಗುತ್ತಾನೆ. ದಡದವನು ಅದನ್ನೂ ಸನ್ನೆಯೆಂದೇ ಬರೆದುಕೊಳ್ಳುತ್ತಾನೆ.

ಲ್ಯಾಪ್‌ಟಾಪು ತೆಪ್ಪದವನು, ಮಿಕ್ಸರು ದಡದವನು. ಹಾಡೆಂಬುದು ವೋಲ್ಟೇಜಿನ ಏರಿಳಿತ. ಆದರೆ ಯಾವುದೇ ಏರಿಳಿತವನ್ನು ಯಾವುದೋ ಒಂದು ‘ಸೊನ್ನೆ’ಯಿಂದ ಮೇಲಕ್ಕೆ ಅಳೆಯಬೇಕು. ಹಾಡು ತರುವ ತಂತಿಯ ನಡುವೆ ಒಂದು ಎಳೆ ಇರುತ್ತದೆ, ಸುತ್ತ ಹೆಣೆದ ತಾಮ್ರದ ಜಾಲರಿ ಇರುತ್ತದೆ. ನಡುವಿನ ಎಳೆ ಕೈ, ಜಾಲರಿಯೇ ಸೊನ್ನೆ. ಮಿಕ್ಸರು ನಂಬುವುದು ಒಂದೇ ಮಾತನ್ನು: ಲ್ಯಾಪ್‌ಟಾಪಿನ ಸೊನ್ನೆಯೂ ನನ್ನ ಸೊನ್ನೆಯೂ ಒಂದೇ.

ಆ ನಂಬಿಕೆ ಎಷ್ಟು ನಾಜೂಕು ನೋಡಿ. ಲ್ಯಾಪ್‌ಟಾಪು ಕೊಡುವ ಹಾಡು ಹೆಚ್ಚೆಂದರೆ ಒಂದು ವೋಲ್ಟಿನ ಆಸುಪಾಸು. ಮೈಕಿನದು ಅದರ ಸಾವಿರದಲ್ಲಿ ಕೆಲವು ಪಾಲು. ಎರಡು ಸೊನ್ನೆಗಳ ನಡುವೆ ವೋಲ್ಟಿನ ನೂರನೇ ಒಂದು ಪಾಲಿನ ಅಂತರ ಬಂದರೂ, ಹಾಡು ನಿಂತ ಬಿಡುವಿನಲ್ಲಿ ಗುಂಯ್ ಸ್ಪಷ್ಟ ಕೇಳುತ್ತದೆ. ಲೈಟಿಗೆ, ಫ್ಯಾನಿಗೆ ಬರುವುದು 230 ವೋಲ್ಟ್. ಅಷ್ಟು ದೊಡ್ಡ ಹೊಳೆಯಲ್ಲಿ ಈ ತುಂತುರು ಯಾವ ಲೆಕ್ಕ? ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಲೈಟು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಮಿಕ್ಸರು ಪಿಸುಮಾತು ಕೇಳಿಸಿಕೊಳ್ಳುತ್ತದೆ.

ತಂತಿಗೂ ಇಳಿಜಾರು

ಎರಡು ಸೊನ್ನೆ ಬೇರೆಯಾಗುವುದು ಹೇಗೆ? ತಾಮ್ರವೂ ಕರೆಂಟನ್ನು ಪುಕ್ಕಟೆ ಹರಿಯಬಿಡುವುದಿಲ್ಲ. ಕಾಲುವೆಯಲ್ಲಿ ನೀರು ಹರಿಯಬೇಕಾದರೆ ಮೇಲ್ತುದಿ ಎತ್ತರ, ಕೆಳತುದಿ ತಗ್ಗು ಇರಬೇಕಲ್ಲ, ಹಾಗೆ ತಂತಿಯಲ್ಲಿ ಕರೆಂಟು ಹರಿದರೆ ಅದರ ಎರಡು ತುದಿ ಒಂದೇ ಮಟ್ಟದಲ್ಲಿರುವುದಿಲ್ಲ. ಕೊನೆಯ ಹೊಲದವನಿಗೆ ನೀರು ಕಡಿಮೆ ಬೀಳುವ ಕಾರಣವೂ ಇದೇ ಬಗೆಯದು.

ಲೆಕ್ಕ ಹಾಕೋಣ. ಬಾಡಿಗೆ ಸೆಟ್ಟಿನವರು ತರುವ 1.5 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು 60 ಮೀಟರ್ ಎಳೆದರೆ, ಹೋಗಿ ಬರುವ ದಾರಿ 120 ಮೀಟರ್. ಅಷ್ಟುದ್ದಕ್ಕೆ ತಡೆ ಸುಮಾರು ಒಂದೂವರೆ ಓಮ್. ಆಂಪ್ಲಿಫೈಯರು, ದೀಪ ಎಲ್ಲ ಸೇರಿ 10 ಆಂಪಿಯರ್ ಎಳೆದರೆ ದಾರಿಯಲ್ಲೇ 14–15 ವೋಲ್ಟ್ ಸವೆದುಹೋಗುತ್ತದೆ. ಅದರಲ್ಲಿ ಅರ್ಧ ಫೇಸಿನಲ್ಲಿ, ಅರ್ಧ ನ್ಯೂಟ್ರಲ್ಲಿನಲ್ಲಿ. ಅಂದರೆ ಬೋರ್ಡಿನ ಹತ್ತಿರ ಸೊನ್ನೆಯಾಗಿದ್ದ ನ್ಯೂಟ್ರಲ್ಲು ವೇದಿಕೆಯ ಹತ್ತಿರ ಸುಮಾರು 7 ವೋಲ್ಟ್ ಮೇಲೆ ನಿಂತಿರುತ್ತದೆ, ಅದೂ ಸೆಕೆಂಡಿಗೆ 50 ಸಲ ತೂಗುತ್ತ. ಡೋಲಿನ ಪೆಟ್ಟಿಗೊಮ್ಮೆ ಆಂಪ್ಲಿಫೈಯರು ಕರೆಂಟು ಜಗ್ಗಿದಾಗ ಸೀರಿಯಲ್ ದೀಪ ಮಂಕಾಗುವುದನ್ನು ನೋಡಿದ್ದೀರಲ್ಲ, ಅದು ಈ ಇಳಿಜಾರನ್ನು ಕಣ್ಣಾರೆ ಕಂಡಂತೆ. ಲ್ಯಾಪ್‌ಟಾಪಿಗೆ ಈ ಇಳಿತದಿಂದ ಅಪಾಯವಿಲ್ಲ. ಚಾರ್ಜರಿನ ಬೆನ್ನಿಗೆ 100–240 ಎಂದು ಅಚ್ಚಾಗಿರುತ್ತದೆ, ಒಳಗೆ ಬ್ಯಾಟರಿಯೂ ಇದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ತಂದಿದ್ದರೆ, ಇಳಿತ ಇನ್ನೂ ಬಹಳ ಹೆಚ್ಚಾದಾಗ ಪಲ್ಲವಿಯ ನಡುವೆಯೇ ಆರಿಹೋಗಬಹುದು.

‘ನ್ಯೂಟ್ರಲ್ಲು ಹಾಗಾದರೆ ಆಗಲಿ, ಆ ದಪ್ಪ ಪಿನ್ನಿನಿಂದ ನೆಲಕ್ಕೆ ಹೋಗುವ ಅರ್ಥ್ ತಂತಿಯಲ್ಲಿ ಕರೆಂಟೇ ಹರಿಯುವುದಿಲ್ಲವಲ್ಲ?’ ಎಂದು ಕೇಳಬಹುದು. ಹರಿಯಬಾರದು ನಿಜ, ಆದರೆ ಹನಿಯುತ್ತದೆ. ಪ್ರತಿ ಚಾರ್ಜರು, ಪ್ರತಿ ಎಲ್‌ಇಡಿ ದೀಪದ ಪೆಟ್ಟಿಗೆ ಒಂದಿಷ್ಟು ಸೋರಿಕೆಯನ್ನು ಅರ್ಥಿಗೆ ಬಿಡುತ್ತದೆ. ಪಕ್ಕದಲ್ಲೇ ಹರಿವ ಕರೆಂಟು ಅರ್ಥ್ ತಂತಿಯಲ್ಲೂ ಸಣ್ಣ ಅಲೆ ಎಬ್ಬಿಸುತ್ತದೆ. ಕೆಲವರಂತೂ ಎಕ್ಸ್‌ಟೆನ್ಷನ್ ಬಾಕ್ಸಿನೊಳಗೆ ಅರ್ಥ್ ಪಿನ್ನನ್ನು ನ್ಯೂಟ್ರಲ್ಲಿಗೇ ಕಟ್ಟಿಬಿಟ್ಟಿರುತ್ತಾರೆ. ಅಲ್ಲಿಗೆ ಆ 7 ವೋಲ್ಟು ನೇರವಾಗಿ ಮಿಕ್ಸರಿನ ಮೈಮೇಲೆ. ಅಂಥ ಬಾಕ್ಸಿನ ಹಿಂದೆ ನ್ಯೂಟ್ರಲ್ಲು ಕಡಿದುಹೋದರೆ ಮೈಮೇಲೆ ಬರುವುದು 7 ಅಲ್ಲ, 230.

ಎರೆಮಣ್ಣಿನ ಬಿರುಕು

ನಮ್ಮ ನೆಲಕ್ಕೆ ಇನ್ನೊಂದು ವಿಶೇಷವಿದೆ. ಅಫಜಲಪುರದ ಎರೆಹೊಲ ಮಳೆಗಾಲದಲ್ಲಿ ಕಾಲು ಕಿತ್ತಿಡಲು ಬಿಡದಷ್ಟು ಜಿಗುಟು, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು. ಹಸಿ ಎರೆಮಣ್ಣು ಕರೆಂಟನ್ನು ಚೆನ್ನಾಗಿ ಇಂಗಿಸಿಕೊಳ್ಳುತ್ತದೆ. ಅದೇ ಮಣ್ಣು ಒಣಗಿ ಕುಗ್ಗಿದಾಗ ಹುಗಿದ ಅರ್ಥ್ ರಾಡನ್ನು ಬಿಟ್ಟು ಹಿಂದೆ ಸರಿಯುತ್ತದೆ. ರಾಡು ನೆಲದಲ್ಲಿದೆ, ನೆಲ ಮಾತ್ರ ರಾಡಿಗೆ ತಾಗುತ್ತಿಲ್ಲ. ಹಿರಿಯ ಎಲೆಕ್ಟ್ರೀಷಿಯನ್ನರು ಗುಂಡಿಗೆ ಇದ್ದಿಲು, ಉಪ್ಪು ಹಾಕುತ್ತಿದ್ದುದು, ಕಾರ್ಯಕ್ರಮದ ಮುಂಜಾನೆ ಎರಡು ಕೊಡ ನೀರು ಸುರಿಯುತ್ತಿದ್ದುದು ಮೂಢನಂಬಿಕೆಯಲ್ಲ. ನೀರು ಬಿರುಕು ತುಂಬಿ ಮಣ್ಣನ್ನು ಉಬ್ಬಿಸಿ ಮತ್ತೆ ರಾಡಿಗೆ ಅಂಟಿಸುತ್ತದೆ. ಉಪ್ಪು ಆ ನೀರಿನಲ್ಲಿ ಕರೆಂಟು ಸಾಗಲು ದಾರಿ ಮಾಡುತ್ತದೆ. ಒಂದು ಕಟ್ಟಡಕ್ಕೆ ಎರಡು ಅರ್ಥ್ ಗುಂಡಿಗಳಿದ್ದು, ಒಂದು ಸ್ನಾನದ ಮನೆಯ ನೀರು ಬೀಳುವ ಕಡೆ, ಇನ್ನೊಂದು ಒಣ ಬಯಲಲ್ಲಿ ಇದ್ದರೆ, ಎರಡೂ ‘ನೆಲ’ವೇ, ಆದರೆ ಒಂದೇ ನೆಲವಲ್ಲ.

ನೆಲಸುತ್ತು

ಈಗ ಎಲ್ಲ ತುಂಡುಗಳೂ ಕೈಯಲ್ಲಿವೆ, ಕೂಡಿಸಿ ನೋಡೋಣ. ಚಾರ್ಜರಿನ ಅರ್ಥ್ ಪಿನ್ನಿನಿಂದ ಹೊರಡಿ. ಚಾರ್ಜರಿನ ಮೂಲಕ ಲ್ಯಾಪ್‌ಟಾಪಿನ ಒಡಲು, ಅಲ್ಲಿಂದ ಹಾಡಿನ ತಂತಿಯ ಜಾಲರಿ, ಜಾಲರಿಯಿಂದ ಮಿಕ್ಸರಿನ ಒಡಲು, ಮಿಕ್ಸರಿನ ಪ್ಲಗ್ಗಿನಿಂದ ವೇದಿಕೆಯ ಬೋರ್ಡಿನ ಅರ್ಥ್, ಅಲ್ಲಿಂದ ಕಟ್ಟಡದ ತಂತಿ ಅಥವಾ ನೆಲದ ಮೂಲಕ ಮತ್ತೆ ಚಾರ್ಜರಿನ ಬೋರ್ಡು. ಹೊರಟಲ್ಲಿಗೇ ಬಂದಿರಿ. ಈ ವೃತ್ತವನ್ನು ನಾನು ನೆಲಸುತ್ತು ಎನ್ನುತ್ತೇನೆ, ಇಂಗ್ಲಿಷ್ ಬಲ್ಲವರು ಗ್ರೌಂಡ್ ಲೂಪ್ ಅನ್ನುತ್ತಾರೆ.

ಎರಡು ಬೋರ್ಡುಗಳ ಸೊನ್ನೆ ಬೇರೆಯಾಗಿರುವುದರಿಂದ ಈ ಸುತ್ತಿನಲ್ಲಿ ಕರೆಂಟು ಹರಿಯುತ್ತದೆ, 50 ಸಲ ಅತ್ತ, 50 ಸಲ ಇತ್ತ. ಹರಿಯುವ ದಾರಿಯಲ್ಲಿ ಹಾಡಿನ ಜಾಲರಿಯೂ ಒಂದು ತುಂಡು. ಕರೆಂಟು ಹರಿದ ತಂತಿಗೆ ಇಳಿಜಾರು ಬಂದೇ ಬರಬೇಕಲ್ಲ? ಜಾಲರಿಯ ಲ್ಯಾಪ್‌ಟಾಪ್ ತುದಿಗೂ ಮಿಕ್ಸರ್ ತುದಿಗೂ ಕೆಲವು ಮಿಲಿವೋಲ್ಟ್ ಅಂತರ ಬಿತ್ತು. ತೆಪ್ಪದ ಕೆಳಗೆ ಅಲೆ ಎದ್ದಿತು. ಮಿಕ್ಸರು ಅದನ್ನೂ ಹಾಡೆಂದು ತಿಳಿದು ಆಂಪ್ಲಿಫೈಯರಿಗೆ ದಾಟಿಸಿತು.

ಚಾರ್ಜರ್ ಕಿತ್ತರೆ ಸುತ್ತು ಒಂದು ಕಡೆ ಕಡಿಯಿತು. ಆಗ ಲ್ಯಾಪ್‌ಟಾಪಿಗೆ ತನ್ನದೇ ಆದ ನೆಲವಿಲ್ಲ. ಮಿಕ್ಸರಿನ ನೆಲವೇ ಅದರ ನೆಲ. ತೆಪ್ಪವನ್ನು ದಡದ ಮೇಲೆ ಎಳೆದಿಟ್ಟಂತೆ. ಗುಂಯ್ ಗಪ್ಪಾಗುವುದು ಅದಕ್ಕೇ.

ಹಾಡುವವರ ಪಾದ

ಹಾಗಾದರೆ ಅರ್ಥ್ ಪಿನ್ ಮುರಿದರೂ ಸುತ್ತು ಕಡಿಯುತ್ತದಲ್ಲ? ಕಡಿಯುತ್ತದೆ. ಗುಂಯ್ ನಿಲ್ಲುತ್ತದೆ. ಅದಕ್ಕೇ ಆ ಉಪಾಯ ಇಷ್ಟು ಹಬ್ಬಿರುವುದು. ಆದರೆ ಆ ಪಿನ್ನು ಅಲ್ಲಿರುವುದು ಹಾಡಿಗಾಗಿ ಅಲ್ಲ.

ಆಂಪ್ಲಿಫೈಯರಿನ ಒಳಗೆ ಫೇಸ್ ತಂತಿ ಸುಲಿದು ಕಬ್ಬಿಣದ ಮೈಗೆ ತಾಗಿತು ಅನ್ನಿ. ಅರ್ಥ್ ಇದ್ದರೆ ಕರೆಂಟು ಭರ್ರನೆ ಅದರಲ್ಲಿ ಹರಿದು ಫ್ಯೂಸ್ ಹಾರುತ್ತದೆ. ಹಾಡು ನಿಲ್ಲುತ್ತದೆ, ಅಷ್ಟೇ. ಹೀಗೆ ಎಲ್ಲ ಪ್ಲಗ್ಗಿನ ಅರ್ಥ್ ಪಿನ್ ಮುರಿದಿದ್ದರೆ ಏನೂ ಆಗುವುದಿಲ್ಲ. ಏನೂ ಆಗುವುದಿಲ್ಲ ಎನ್ನುವುದೇ ಭಯಂಕರ. 230 ವೋಲ್ಟ್ ಆ ಮೈಮೇಲೆ ಸುಮ್ಮನೆ ಕಾದು ಕೂತಿರುತ್ತದೆ. ಅಲ್ಲಿಂದ ಜಾಲರಿ ಹಿಡಿದು ಮಿಕ್ಸರಿಗೆ, ಮಿಕ್ಸರಿನಿಂದ ಮೈಕಿನ ಕಬ್ಬಿಣದ ಜಾಳಿಗೆಗೆ. ದೇವರ ಸನ್ನಿಧಿ ಎಂದು ಹಾಡುವವರು ಚಪ್ಪಲಿ ಕಳಚಿರುತ್ತಾರೆ. ಈಗಷ್ಟೇ ಹೊಳೆಯಲ್ಲಿ ಮಿಂದು ಬಂದ ಹಸಿ ಪಾದ ನೆಲದ ಮೇಲೆ, ತುಟಿ ಮೈಕಿನ ಹತ್ತಿರ. ಆ ಪಾದವೇ ಇನ್ನೊಂದು ಸೊನ್ನೆ. ಮುರಿದ ಸುತ್ತನ್ನು ಆಗ ಪೂರ್ತಿ ಮಾಡುವುದು ಹಾಡುವವರ ಮೈ.

ತುಟಿಗೆ ಮೈಕ್ ತಾಗಿದಾಗ ಚುರ್ ಅಂದರೆ ಅದನ್ನು ನಕ್ಕು ಮರೆಯಬೇಡಿ, ಸ್ಪಂಜಿನ ಟೊಪ್ಪಿಗೆ ಹಾಕಿ ಮುಚ್ಚಬೇಡಿ. ಎರಡು ಪಿನ್ನಿನ ಚಾರ್ಜರಿನ ಲ್ಯಾಪ್‌ಟಾಪ್ ಮೈ ಸವರಿದಾಗ ಜುಂ ಎನ್ನುವುದು ಬಹುಮಟ್ಟಿಗೆ ಕಾಲು ಮಿಲಿಆಂಪಿಯರಿಗೂ ಕಡಿಮೆಯ ಸೋರಿಕೆ, ಪ್ರಾಣ ತೆಗೆಯದು. ಮೈಕಿನ ಚುರ್ ಅದೇ ಎಂದು ಕೈಯಿಂದ ಮುಟ್ಟಿ ಹೇಳಲಾಗದು. ಮೇನ್ ಬಂದ್ ಮಾಡಿ ಹುಡುಕಲೇಬೇಕು. ಜನರ ಕೈಗೆ ಮೈಕ್ ಕೊಡುವವರೆಲ್ಲ ತಮ್ಮ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಲಿ. ಹೋದ ಕರೆಂಟು ಅಷ್ಟೂ ವಾಪಸು ಬಂತೇ ಎಂದು ಅದು ಎಣಿಸುತ್ತಲೇ ಇರುತ್ತದೆ. ಒಂದಿಷ್ಟು ಮನುಷ್ಯನ ಮೈಯಿಂದ ನೆಲಕ್ಕೆ ಸೋರಿತೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಬಿಡುತ್ತದೆ.

ಸೊನ್ನೆ ಪೂರ್ತಿ ಕಳಚಿಹೋಗುವ ಗಳಿಗೆಯೂ ಒಂದಿದೆ. ಮೂರು ಫೇಸಿನ ಪೆಂಡಾಲಿನಲ್ಲಿ ನ್ಯೂಟ್ರಲ್ಲಿನ ಗಂಟು ಸಡಿಲಾದರೆ ಎರಡು ಫೇಸುಗಳು 400 ವೋಲ್ಟನ್ನು ತಮ್ಮೊಳಗೇ ಹಂಚಿಕೊಳ್ಳುತ್ತವೆ. ಹೆಚ್ಚು ಭಾರವಿದ್ದ ಸಾಲಿಗೆ ಕಡಿಮೆ, ಹಗುರ ಸಾಲಿಗೆ ಹೆಚ್ಚು. ಒಂದು ಸಾಲಿನ ದೀಪ ಮಂಕಾಗಿ ಇನ್ನೊಂದು ಸಾಲು ಇದ್ದಕ್ಕಿದ್ದಂತೆ ಝಗ್ಗನೆ ಹೊತ್ತಿಕೊಂಡರೆ ಕಾರಣ ಯೋಚಿಸುತ್ತ ನಿಲ್ಲಬೇಡಿ, ಮೇನ್ ಎಳೆಯಿರಿ. ಮಿಕ್ಸರು, ಚಾರ್ಜರು ಸುಡುವುದು ಆ ಎರಡು ನಿಮಿಷದಲ್ಲೇ.

ಎಲ್ಲಿ ಕಡಿಯಬೇಕು

ಸುತ್ತನ್ನು ಕಡಿಯಬೇಕಾದ್ದು ಕರೆಂಟಿನ ಕಡೆಯಲ್ಲ, ಹಾಡಿನ ಕಡೆ. ಭೀಮೆಯ ಈ ದಡ ಕಲಬುರಗಿ ಜಿಲ್ಲೆ, ಆ ದಡ ವಿಜಯಪುರ ಜಿಲ್ಲೆ. ಹೊಳೆ ದಾಟದೆಯೂ ಈಚೆಯಿಂದ ಆಚೆಗೆ ಕೂಗಿ ಮಾತು ಮುಟ್ಟಿಸಬಹುದು. ಮಾತು ದಾಟಿತು, ಮನುಷ್ಯ ದಾಟಲಿಲ್ಲ. ಹಾಡಿನ ತಂತಿಯ ನಡುವೆ ಹಾಕುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅಥವಾ ಅದೇ ಒಳಗಿರುವ ಡಿಐ ಬಾಕ್ಸು ಮಾಡುವುದು ಇದನ್ನೇ. ಒಂದಕ್ಕೊಂದು ತಾಗದ ಎರಡು ಸುರುಳಿಗಳು. ಹಾಡು ಕಾಂತಕ್ಷೇತ್ರವಾಗಿ ಜಿಗಿದು ದಾಟುತ್ತದೆ, ನೆಲದ ಕರೆಂಟಿಗೆ ದಾಟಲು ಸೇತುವೆಯೇ ಇಲ್ಲ.

ಮಿಕ್ಸರಿನಿಂದ ಆಂಪ್ಲಿಫೈಯರಿಗೆ ಹೋಗುವ ಉದ್ದ ದಾರಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ ಹಾಕುವುದು ಬೇರೆ ಬುದ್ಧಿವಂತಿಕೆ. ಇದನ್ನು ತಕ್ಕಡಿಸಾಲು ಅನ್ನೋಣ, ಅಂಗಡಿಯಲ್ಲಿ ಬ್ಯಾಲೆನ್ಸ್ಡ್ ಲೈನ್ ಅಂತ ಕೇಳಿ. ಸಂತೆಯಲ್ಲಿ ತಕ್ಕಡಿಯ ಮೇಲೆ ಮಳೆ ಹನಿದರೂ ಎರಡೂ ತಟ್ಟೆ ಒಂದೇ ಸಮ ನೆನೆಯುತ್ತವೆ, ತೂಕ ಕೆಡುವುದಿಲ್ಲ. ಎರಡು ಎಳೆಗಳಲ್ಲಿ ಹಾಡು ಒಂದಕ್ಕೊಂದು ತಿರುಗುಮುರುಗಾಗಿ ಹೋಗುತ್ತದೆ. ದಾರಿಯಲ್ಲಿ ಗುಂಯ್ ಎರಡರ ಮೇಲೂ ಸಮನಾಗಿ ಸುರಿಯುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸವನ್ನಷ್ಟೇ ತೂಗಿದಾಗ ಗುಂಯ್ ಕಳೆದುಹೋಗಿ ಹಾಡು ಉಳಿಯುತ್ತದೆ.

ಆ ಸಂಜೆ ನಮ್ಮ ಹತ್ತಿರ ಡಿಐ ಬಾಕ್ಸೂ ಇರಲಿಲ್ಲ, ತರಿಸಲು ಅಂಗಡಿಯೂ ತೆರೆದಿರಲಿಲ್ಲ. ಇನೌಯೆಯ ಪೆಟ್ಟಿಗೆಯ ಉಪಾಯ ಮಾತ್ರ ಇತ್ತು: ಒಂದೇ ಪ್ಲಗ್ಗು. ಎರಡು ಬೋರ್ಡುಗಳ ಸೊನ್ನೆ ಬೇರೆಯಾದರೆ ಒಂದೇ ಬೋರ್ಡಿಗೆ ಬಂದರಾಯಿತು. ಹಿಂದಿನ ಗೋಡೆಯಿಂದ ಚಾರ್ಜರ್ ಕಿತ್ತು, ಮಿಕ್ಸರಿಗೆ ಹೋಗಿದ್ದ ಎಕ್ಸ್‌ಟೆನ್ಷನ್ನಿಗೇ ಹಚ್ಚಲು ಹೇಳಿದೆ. ಹುಡುಗ ಮೊದಲು ಎಕ್ಸ್‌ಟೆನ್ಷನ್ ಬಾಕ್ಸಿನ ಮುಚ್ಚಳ ಬಿಚ್ಚಿ ನೋಡಿದ. ಹಳದಿ ಗೆರೆಯ ಹಸಿರು ತಂತಿ ತನ್ನ ಜಾಗದಲ್ಲೇ ಇತ್ತು, ಸ್ಕ್ರೂ ಸಡಿಲಾಗಿತ್ತು, ಬಿಗಿ ಮಾಡಿದ. ಕರೆಂಟಿನ ಕೇಬಲ್ಲಿಗೆ ಜಡೆಯಂತೆ ಸುತ್ತಿಕೊಂಡಿದ್ದ ಹಾಡಿನ ತಂತಿಯನ್ನು ಬಿಡಿಸಿ ಮಾರುದೂರ ಸರಿಸಿದೆವು.

ಅವನು ಚಾರ್ಜರ್ ಹಚ್ಚಿದ. ಬಾಕ್ಸಿನ ಜಾಳಿಗೆಗೆ ಕಿವಿ ಇಟ್ಟ. ಕಿತ್ತ, ಮತ್ತೆ ಹಚ್ಚಿದ, ಮತ್ತೆ ಕಿವಿ ಇಟ್ಟ. ಹೊಳೆಯ ಕಡೆಯಿಂದ ಬರುವ ಗಾಳಿಗೆ ಶಾಮಿಯಾನ ಪಟಪಟ ಬಡಿಯುವುದಷ್ಟೇ ಕೇಳುತ್ತಿತ್ತು.

‘ಕಾಕಾ, 12 ಆತು,’ ಅಂದು ಹಾಡಿನ ಪಟ್ಟಿ ತೆರೆದ. ಜವಳದ ಮಗುವಿನ ಚಿಕ್ಕವ್ವ ಆಗಲೇ ಮೈಕ್ ಹಿಡಿದು, ಬರಿಗಾಲಲ್ಲಿ ಬಂದು ನಿಂತಿದ್ದಳು.